‘ನಿಮ್ಮ ಹೆಸರು?’ ಎಂದು ಕೇಳಿದಾಗ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಸದ್ದಾಂ ಹುಸೇನನನ್ನು ನೆನೆದು, ಗಲ್ಲುಗಂಬದ ಮುಂದೆಯೂ ತಲೆ ತಗ್ಗಿಸದ ಅವನ ಗಟ್ಟಿತನವನ್ನು ಇಂದಿನ ಹುಡುಗರು ಕಲಿಯಬೇಕು ಎಂದು ಬರೆದಿದ್ದರು. ಮರುದಿನವೇ ಅದರ ಫೋಟೊ ನಮ್ಮ ವಾಕಿಂಗ್ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಹನ್ನೊಂದು ಮಂದಿ ಕೈಮುಗಿದರು, ಇಬ್ಬರು ಸಿಂಹದ ಚಿತ್ರ ಹಾಕಿದರು. ನಾನು ಏನೂ ಹಾಕಲಿಲ್ಲ. ಒಳಗೇ ಇಟ್ಟುಕೊಳ್ಳಲೂ ಆಗಲಿಲ್ಲ, ಅದಕ್ಕೇ ಈ ಪತ್ರ.

ಬಳ್ಳಾರಿಯ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ, ಕೊನೆಗೆ ಶಿರಸ್ತೇದಾರನಾಗಿ ಮೂವತ್ತೊಂದು ವರ್ಷ ದುಡಿದವನು ನಾನು. ಹೊರಗೆ ಜವಾನ ಮೂರು ಸಲ ಕೂಗುತ್ತಾನೆ, ಒಳಗೆ ಬಂದವರು ಕಟಕಟೆ ಹತ್ತುತ್ತಾರೆ. ಹೆಸರು? ತಂದೆಯ ಹೆಸರು? ವಯಸ್ಸು? ಕಸುಬು? ಊರು? ಇಷ್ಟನ್ನು ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳಲಾರದೆ, “ಕುರುಗೋಡಾಗ ದೊಡ್ಡ ದೇವ್ರು ಐತಲ್ರೀ, ಅದೇ ಹೆಸರು” ಎಂದು ಸೆರಗು ಬಾಯಿಗೆ ಒತ್ತಿಕೊಂಡ ಮುದುಕಿಯರನ್ನು ಕಂಡಿದ್ದೇನೆ. ಸಾಹೇಬರು ನಕ್ಕು ‘ಬಸಪ್ಪ’ ಎಂದು ಬರೆಸುತ್ತಿದ್ದರು. ಇನ್ನೊಂದು ಸಲ ಕಟಕಟೆಯಲ್ಲಿ ನಿಂತ ಸಾಹುಕಾರನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನನ್ ಹೆಸರು ಕೇಳೋವಷ್ಟು ದೊಡ್ಡೋನಾದೇನ್ಲೇ?” ಎಂದ. ಹಿಂದೆ ಕೂತಿದ್ದ ಅವನ ಕಡೆಯವರು ಕಿಸಕ್ಕೆಂದರು. ನನ್ನ ಕೈಯ ಪೆನ್ನು ನಡುಗಿದ್ದು ಈಗಲೂ ನೆನಪಿದೆ.

ಹಾಗಾಗಿ 2005ರ ಅಕ್ಟೋಬರ್ 19ರಂದು ಬಗ್ದಾದಿನ ವಿಚಾರಣೆಯನ್ನು ಟಿವಿಯಲ್ಲಿ ನೋಡುವಾಗ ಉಳಿದವರೆಲ್ಲ ಸದ್ದಾಮನನ್ನು ನೋಡಿದರೆ, ನಾನು ನೋಡಿದ್ದು ನ್ಯಾಯಾಧೀಶ ರಿಜ್ಗಾರ್ ಮಹಮ್ಮದ್ ಅಮೀನರನ್ನು. ಕುರ್ದ್ ಜನಾಂಗದವರು, ಮೆಲುದನಿ. ಹೆಸರು ಹೇಳಿ ಎಂದು ಕೇಳಿದರು. ಎದುರಿನವನು ಕೈಯಲ್ಲಿ ಕುರಾನ್ ಹಿಡಿದು, ನೀನು ಯಾರು, ಮೊದಲು ಅದನ್ನು ಹೇಳು ಎಂದ. ಈ ಕೋರ್ಟನ್ನೇ ಒಪ್ಪುವುದಿಲ್ಲ, ನಾನು ಇರಾಕಿನ ಅಧ್ಯಕ್ಷ ಎಂದ. ನ್ಯಾಯಾಧೀಶರು ಸಿಟ್ಟಾಗಲಿಲ್ಲ. ತಾವೇ ಅವನ ಹೆಸರನ್ನು ಓದಿ ‘ಮಾಜಿ ಅಧ್ಯಕ್ಷ’ ಎಂದು ಸೇರಿಸಿದರು. ‘ಮಾಜಿ’ಗೆ ಅವನು ತಕರಾರು ತೆಗೆದ. (ಆ ಪದ ಕಹಿಯೇ. ನನ್ನ ಹೆಸರಿನ ಮುಂದೆ ‘ನಿವೃತ್ತ’ ಎಂದು ಬರೆಯಲು ನನಗೂ ಎರಡು ವರ್ಷ ಹಿಡಿಯಿತು.) ಇಷ್ಟು ತಾಳ್ಮೆ ತೋರಿದ್ದಕ್ಕೆ ಅಮೀನರನ್ನು ಮೆದು ಮನುಷ್ಯ ಎಂದು ಜರಿದರು, 2006ರ ಜನವರಿಯಲ್ಲಿ ಅವರು ಆ ಪೀಠದಿಂದ ಇಳಿದುಹೋದರು. ಅವರ ಗಟ್ಟಿತನದ ಫೋಟೊವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಮೊಕದ್ದಮೆ ಏನೆಂಬುದನ್ನೂ ಕಳೆದ ವಾರದ ಪತ್ರ ಹೇಳಲಿಲ್ಲ. ಬಗ್ದಾದಿನ ಉತ್ತರಕ್ಕೆ ದುಜೈಲ್ ಎಂಬ ಊರಿದೆ. 1982ರ ಜುಲೈ 8ರಂದು ಅಲ್ಲಿಗೆ ಹೋದ ಸದ್ದಾಮನ ಕಾರುಗಳ ಮೇಲೆ ಗುಂಡು ಹಾರಿತು. ಅವನಿಗೆ ಏನೂ ಆಗಲಿಲ್ಲ. ಅದಕ್ಕೆ ಪ್ರತಿಯಾಗಿ ಊರಿನ 148 ಗಂಡಸರು, ಹುಡುಗರು ಸತ್ತರು. ಹೆಂಗಸರು ಮಕ್ಕಳನ್ನೂ ವರ್ಷಗಟ್ಟಲೆ ಸೆರೆಯಲ್ಲಿಟ್ಟರು. ಊರಿನ ತೋಟಗಳನ್ನು ನೆಲಸಮ ಮಾಡಿದರು. ಅಂಜೂರ, ದಾಳಿಂಬೆ ಬೆಳೆಯುವ ಕಡೆಯವರಾದ ನಮಗೆ ಬೆಳೆದು ನಿಂತ ತೋಟ ಕಡಿಯುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಒಪ್ಪುತ್ತೇನೆ. 2006ರ ಮಾರ್ಚ್‌ನಲ್ಲಿ ಸದ್ದಾಮ ಎದ್ದು ನಿಂತು, ದುಜೈಲಿನವರನ್ನು ವಿಚಾರಣೆಗೆ ಕಳಿಸಿದವನು ನಾನೇ, ತೋಟ ಕೀಳಿಸಿದವನೂ ನಾನೇ, ಅದರಲ್ಲಿ ಅಪರಾಧ ಎಲ್ಲಿದೆ, ಉಳಿದವರನ್ನು ಬಿಟ್ಟು ನನ್ನನ್ನು ಕೇಳಿ ಎಂದ. ಅರೆಸ್ಟ್ ವಾರಂಟ್ ಕಂಡ ಕೂಡಲೇ ಎದೆನೋವು ಬರಿಸಿಕೊಂಡು ಆಸ್ಪತ್ರೆ ಸೇರುವ ದೊಡ್ಡವರನ್ನು ನೋಡಿ ನೋಡಿ ಸಾಕಾಗಿರುವ ನನಗೂ ಆ ಗಳಿಗೆಯಲ್ಲಿ ಬೆನ್ನು ನೆಟ್ಟಗಾಯಿತು. ಸುಳ್ಳೇಕೆ ಹೇಳಲಿ.

ಆದರೆ ಅದೇ ಕೋರ್ಟಿನಲ್ಲಿ ಅದಕ್ಕೂ ಮೊದಲು, ಡಿಸೆಂಬರ್‌ನಲ್ಲಿ, ಒಬ್ಬ ಹೆಣ್ಣುಮಗಳು ಸಾಕ್ಷಿ ಹೇಳಿದ್ದಳು. ಹಿಡಿದೊಯ್ದಾಗ ಅವಳಿಗೆ ಹದಿನಾರು. ಪರದೆಯ ಹಿಂದೆ ಕೂತಿದ್ದಳು, ಯಂತ್ರದಿಂದ ದನಿ ಬದಲಿಸಿದ್ದರು, ಕಾಗದದಲ್ಲಿ ಅವಳು ಬರೀ ‘ಸಾಕ್ಷಿ ಎ’. ಬಟ್ಟೆ ಬಿಚ್ಚಿಸಿದ್ದನ್ನು, ಕರೆಂಟು ಕೊಟ್ಟಿದ್ದನ್ನು ಅಳುತ್ತ ಹೇಳಿದಳು. ಎರಡು ವರ್ಷದಿಂದ ಸದ್ದಾಮ ಕಂಬಿಯ ಹಿಂದಿದ್ದ. ಇಪ್ಪತ್ತಮೂರು ವರ್ಷ ಕಳೆದಿತ್ತು. ಆದರೂ ಅವಳಿಗೆ ತನ್ನ ಹೆಸರು ಹೇಳುವ ಧೈರ್ಯವಿರಲಿಲ್ಲ. ಆ ಭಯಕ್ಕೆ ಕಾರಣವೂ ಇತ್ತು. ಹೆಸರು ಹೇಳುವುದಿಲ್ಲ ಎಂದು ಗುಡುಗಿದವನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದ, ಪಕ್ಕದಲ್ಲಿ ವಕೀಲರಿದ್ದರು. ದುಜೈಲಿನ ಆ 148 ಮಂದಿಗೆ ಸಿಗದ ಕುರ್ಚಿ ಅದು. ಮೂವತ್ತೊಂದು ವರ್ಷ ಹೆಸರು ಬರೆದುಕೊಂಡವನಾಗಿ ಹೇಳುತ್ತೇನೆ, ಆ ಕೋರ್ಟಿನಲ್ಲಿ ಎದೆಗಾರಿಕೆ ಇದ್ದದ್ದು ಪರದೆಯ ಹಿಂದೆ.

ಗಲ್ಲಿನ ವಿಷಯ. 2006ರ ಡಿಸೆಂಬರ್ 30, ಬಕ್ರೀದ್ ಹಬ್ಬದ ಬೆಳಗಿನ ಜಾವ. ಮುಖಕ್ಕೆ ಮುಸುಕು ಬೇಡ ಎಂದ, ನಿಜ. ಕೊರಳಲ್ಲಿ ಹಗ್ಗವಿದ್ದವನನ್ನು ಕೆಳಗಿನವರು ಕೂಗಿ ಹಂಗಿಸಿದ್ದೂ, ಯಾರೋ ಅದನ್ನು ಮೊಬೈಲಿನಲ್ಲಿ ಕದ್ದು ತೆಗೆದದ್ದೂ ನಿಜ. ಅವನನ್ನು ಹುತಾತ್ಮನ ಹಾಗೆ ಕಾಣಿಸಿದ್ದು ಆ ಕೂಗಾಟವೇ ಎಂದು ನನ್ನ ಅಂದಾಜು. ಆತುರದಿಂದ ಇನ್ನೊಂದು ನಷ್ಟವೂ ಆಯಿತು, ಇದನ್ನು ಕೋರ್ಟಿನವರು ಬೇಗ ಗುರುತಿಸುತ್ತಾರೆ. ಕುರ್ದರ ಹಳ್ಳಿಗಳನ್ನೇ ಅಳಿಸಿದ ಅನ್ಫಾಲ್ ಮೊಕದ್ದಮೆ ಆಗಿನ್ನೂ ನಡೆಯುತ್ತಿತ್ತು. ಆರೋಪಿ ಸತ್ತರೆ ಅವನ ಮಟ್ಟಿಗೆ ಕೇಸು ಅಬೇಟ್, ಅಂದರೆ ಅಲ್ಲಿಗೇ ಮುಕ್ತಾಯ. ಸದ್ದಾಮನ ಹೆಸರಿನ ಮುಂದೆ ಆ ತೀರ್ಪು ಬರಲೇ ಇಲ್ಲ.

ಇನ್ನು ಈ ‘ಛಲ’ದ ಮಾತು. (ಪತ್ರ ಉದ್ದವಾಯಿತು. ಕತ್ತರಿ ಹಾಕಲೇಬೇಕೆಂದಿದ್ದರೆ ಬಗ್ದಾದಿನ ಕಡೆ ಹಾಕಿ, ಮುಂದಿನದನ್ನು ಬಿಡಿ.) ನಮ್ಮಪ್ಪ ಬಯಲಾಟದಲ್ಲಿ ದುರ್ಯೋಧನನ ಪಾರ್ಟು ಮಾಡುತ್ತಿದ್ದ. ಎರಡು ಕಡೆ ಇಬ್ಬರು ನೀಲಿ ಸೀರೆ ಹಿಡಿದರೆ ಅದೇ ಸರೋವರ. ಸೋತ ದೊರೆ ಅದರ ಹಿಂದೆ ಅಡಗಿ ಕೂರಬೇಕು, ಭೀಮ ಬೈದು ಬೈದು ಎಬ್ಬಿಸಬೇಕು. ಅಪ್ಪ ಗದೆ ಎತ್ತಿ ಸೀರೆ ಹಾರಿ ಬಂದರೆ ಶಿಳ್ಳೆಯೋ ಶಿಳ್ಳೆ, ಅಂಗಿಗೆ ಹತ್ತು ರೂಪಾಯಿ ನೋಟು ಚುಚ್ಚುವವರೂ ಇದ್ದರು. 2003ರ ಡಿಸೆಂಬರ್ 13ರಂದು ತಿಕ್ರಿತ್ ಹತ್ತಿರದ ದೌರ್ ಎಂಬಲ್ಲಿ ನೆಲದ ಗುಂಡಿಯಿಂದ ಸದ್ದಾಮನನ್ನು ಎಳೆದು ತೆಗೆದಾಗ ನನಗೆ ಥಟ್ಟನೆ ನೆನಪಾದದ್ದು ಆ ನೀಲಿ ಸೀರೆ. ಪಿಸ್ತೂಲಿತ್ತು, ಹಾರಿಸಲಿಲ್ಲ. ನಾನು ಇರಾಕಿನ ಅಧ್ಯಕ್ಷ, ಮಾತುಕತೆಗೆ ಸಿದ್ಧ ಎಂದನಂತೆ.

ಅಪ್ಪನಿಗೂ ಚಿಕ್ಕಪ್ಪನಿಗೂ ಹೊಲದ ಬದುವಿನ ಮೇಲೆ ಜಗಳವಾಯಿತು. ಎಷ್ಟು ಜಾಗ ಅಂತೀರಿ? ಎತ್ತು ತಿರುಗಿಸಲೂ ಸಾಲದಷ್ಟು. ಕೆಳಗಿನ ಕೋರ್ಟಿನಲ್ಲಿ ಅಪ್ಪ ಸೋತ, ಮೇಲೆ ಹೋಗಿ ಅಲ್ಲೂ ಸೋತ. ಮಗ ಕೋರ್ಟಿನಲ್ಲೇ ಇದ್ದೂ ಏನು ಮಾಡಿದ ಎಂದು ನನ್ನ ಮೇಲೂ ಮುನಿಸಿತ್ತು. ಹದಿನಾಲ್ಕು ವರ್ಷ ತಮ್ಮನ ಜೊತೆ ಮಾತಿಲ್ಲ. ಚಿಕ್ಕಪ್ಪನ ಮಗಳ ಮದುವೆಯ ದಿನ ಅಪ್ಪ ಬೇಕಂತಲೇ ಹೊಲಕ್ಕೆ ಹೋಗಿ ಕುಂಟೆ ಹೊಡೆದ. ಊರಲ್ಲಿ ಕಟ್ಟೆಯ ಮೇಲೆ ಕೂತವರೆಲ್ಲ, “ಛಲ ಅಂದ್ರ ಅದಪಾ” ಎಂದು ಹೊಗಳಿದರು. ನಾನೂ ಹೊಗಳಿದೆ.

ಕಡೇ ದಿನಗಳಲ್ಲಿ ಅಪ್ಪ ಹಾಸಿಗೆ ಹಿಡಿದ. ಒಂದು ಸಂಜೆ ಚಿಕ್ಕಪ್ಪ ಬಂದು ಬಾಗಿಲಲ್ಲಿ ನಿಂತ, ಟವೆಲಿನಲ್ಲಿ ತೋಟದ ಅಂಜೂರ ಕಟ್ಟಿಕೊಂಡಿದ್ದ. “ಅಣ್ಣಾ” ಎಂದ. ಅಪ್ಪ ಕಣ್ಣು ತೆರೆದು ನೋಡಿ ಗೋಡೆ ಕಡೆ ಹೊರಳಿಕೊಂಡ. ಚಿಕ್ಕಪ್ಪ ಸ್ವಲ್ಪ ಹೊತ್ತು ನಿಂತಿದ್ದು, ಹಣ್ಣನ್ನು ಪಡಸಾಲೆಯಲ್ಲಿಟ್ಟು ಹೋದ. ಮೂರನೇ ದಿನ ಅಪ್ಪ ತೀರಿಕೊಂಡ. ಮಣ್ಣಿಗೆ ಬಂದವರು, ದುರ್ಯೋಧನ ದುರ್ಯೋಧನನಾಗಿಯೇ ಹೋದ ಎಂದು ಮೆಚ್ಚಿ ಮಾತಾಡುತ್ತಿದ್ದರು. ಒಳಗಿದ್ದ ಅವ್ವನಿಗೆ ಅದು ಕೇಳಿಸಿತು. “ಆಟ ಮುಗುದ್ರೂ ನಿಮ್ಮಪ್ಪಗ ಬಣ್ಣ ತೊಳಕಳಾಕ ಬರ್ಲಿಲ್ಲ ನೋಡು” ಎಂದಳು, ನನ್ನೊಬ್ಬನಿಗೇ ಕೇಳುವಷ್ಟು.

ಆ ಅಂಜೂರವನ್ನು ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ಅವ್ವ ಅದನ್ನು ಆಕಳ ಮುಂದೆ ಸುರಿದು, ಚಿಕ್ಕಪ್ಪನ ಟವೆಲನ್ನು ಒಗೆದು ಹಗ್ಗಕ್ಕೆ ಹರವಿದಳು.

— ನಿವೃತ್ತ ಶಿರಸ್ತೇದಾರ, ಕೌಲ್ ಬಜಾರ್, ಬಳ್ಳಾರಿ