ಬೆರಳು ಒಂದು ಕಡೆ, ಸಹಿ ಇನ್ನೊಂದು ಕಡೆ

ಮಾನ್ಯ ಸಂಪಾದಕರೇ,

ಆನ್‌ಲೈನ್ ಅರ್ಜಿಗಳ ಕೊನೆಯಲ್ಲಿ ಬೆರಳಿನಿಂದ ಸಹಿ ಹಾಕುವ ಚೌಕ ಈಗ ಸಾಮಾನ್ಯ. ಬೆರಳಿಟ್ಟಲ್ಲಿ ಗೆರೆ ಮೂಡದೆ ಆಚೆಗೆಲ್ಲೋ ಮೂಡುವುದನ್ನು ಅನೇಕರು ಕಂಡಿರುತ್ತಾರೆ. ವಯಸ್ಸಾದವರು ತಮ್ಮ ಕೈಯೇ ನಡುಗಿತೆಂದು ಅಳಿಸಿ ಅಳಿಸಿ ಬರೆಯುತ್ತಾರೆ. ತಪ್ಪು ಅವರ ಕೈಯದಲ್ಲ, ಪುಟ ಬರೆದವರ ಲೆಕ್ಕದ್ದು.

ಗೆರೆ ಎಲ್ಲ ಕಡೆ ಒಂದೇ ಅಳತೆಯಷ್ಟು ಕೆಳಗೆ ಬೀಳುತ್ತಿದ್ದರೆ ಸ್ಕ್ರಾಲ್ ಲೆಕ್ಕ ತಪ್ಪಿದೆ. ಬೆರಳಿದ್ದ ಜಾಗಕ್ಕೆ ಬ್ರೌಸರ್ ಕೊಡುವ ಅಳತೆಗಳಲ್ಲಿ ಕ್ಲೈಂಟ್‌ವೈ ಎಂಬುದು ಪರದೆಯಲ್ಲಿ ಕಾಣುವ ಭಾಗದ ಮೇಲಂಚಿನಿಂದ ಅಳೆದದ್ದು, ಪೇಜ್‌ವೈ ಇಡೀ ಪುಟದ ಮೇಲಂಚಿನಿಂದ. ಚೌಕ ಎಲ್ಲಿದೆ ಎಂದು ಹೇಳುವ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಕೊಡುವುದು ಕಾಣುವ ಭಾಗದ ಲೆಕ್ಕವನ್ನೇ. ಪೇಜ್‌ವೈಯಿಂದ ಅದನ್ನು ಕಳೆದರೆ, ಪುಟ ಎಷ್ಟು ಸರಿದಿದೆಯೋ ಅಷ್ಟು ದೂರ ಗೆರೆ ಜಾರುತ್ತದೆ. ಕಚೇರಿಯ ದೊಡ್ಡ ಪರದೆಯಲ್ಲಿ ಪುಟ ಸರಿಯುವುದೇ ಇಲ್ಲವಾದರೆ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದೂ ಇಲ್ಲ. ಪುಟ ತೆರೆದಾಗ ಒಮ್ಮೆ ಅಳೆದಿಟ್ಟುಕೊಂಡದ್ದನ್ನೇ ಕೊನೆಯವರೆಗೆ ಬಳಸಿದರೂ ಪುಟ ಸರಿದ ಮೇಲೆ ಗೆರೆ ಜಾಗ ತಪ್ಪುತ್ತದೆ. ಬೆರಳು ತಾಗಿದಾಗಲೆಲ್ಲ ಹೊಸದಾಗಿ ಅಳೆಯಬೇಕು.

ಎಡ ಅಂಚಿನಲ್ಲಿ ಸರಿಯಿದ್ದು, ಬಲಕ್ಕೆ ಹೋದಂತೆ ಅಂತರ ಹೆಚ್ಚುತ್ತಿದ್ದರೆ ಕಾರಣ ಬೇರೆ. ಗೆರೆ ಮೂಡುವ ಆ ಚೌಕಕ್ಕೆ ಕೋಡ್‌ನಲ್ಲಿ ಕ್ಯಾನ್ವಾಸ್ ಎಂದು ಹೆಸರು. ಅದಕ್ಕೆ ಅಳತೆ ಹೇಳದಿದ್ದರೆ ಅದರ ಒಳಗಿರುವುದು 300×150 ಪಿಕ್ಸೆಲ್. ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅದನ್ನು 360ರ ಅಗಲಕ್ಕೆ ಹಿಗ್ಗಿಸಿದರೂ ಒಳಗಿನ ಎಣಿಕೆ 300ರಲ್ಲೇ ಉಳಿಯುತ್ತದೆ. ನಟ್ಟನಡುವೆ, 180ರಲ್ಲಿ ಬೆರಳಿಟ್ಟರೆ ಗೆರೆ ಕಾಣಿಸುವುದು 216ರಲ್ಲಿ. ಬೆರಳಿನ ಅಡ್ಡ ಅಳತೆಯಾದ ಕ್ಲೈಂಟ್‌ಎಕ್ಸ್‌ನಿಂದ ಚೌಕದ ಎಡ ಅಂಚನ್ನು ಕಳೆದು, ಕ್ಯಾನ್ವಾಸಿನ ಒಳ ಅಗಲದಿಂದ ಗುಣಿಸಿ, ಕಾಣುವ ಅಗಲದಿಂದ ಭಾಗಿಸಿದರೆ 150 ಬರುತ್ತದೆ, ಗೆರೆ ಬೆರಳಿನಡಿಯೇ ಮೂಡುತ್ತದೆ. ಎತ್ತರಕ್ಕೂ ಇದೇ ಲೆಕ್ಕ. ಚೌಕಕ್ಕೆ ಬಾರ್ಡರ್ ಬೇಕಿದ್ದರೆ ಹೊರಗಿನ ಡಿವ್ ಎಂಬ ಪೆಟ್ಟಿಗೆಗೆ ಹಾಕುವುದು ಲೇಸು. ಕ್ಯಾನ್ವಾಸಿಗೇ ಹಾಕಿದರೆ ಅದರ ದಪ್ಪವೂ ಅಳತೆಯೊಳಗೆ ಸೇರಿಬಿಡುತ್ತದೆ.

ಮೌಸಿಗೊಂದು, ಟಚ್‌ಗೊಂದು ಕೋಡ್ ಬರೆಯುವ ಕಾಲ ಎಂದೋ ಮುಗಿದಿದೆ. ಮೌಸ್, ಬೆರಳು, ಪೆನ್ನು ಮೂರಕ್ಕೂ ಒಂದೇ ಆದ ಪಾಯಿಂಟರ್ ಈವೆಂಟ್ಸ್ 2015ರಲ್ಲೇ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾನಕವಾಯಿತು. ಹಳೆಯ ಟಚ್ ಕೋಡನ್ನೇ ಇಟ್ಟುಕೊಂಡವರು ನೆನಪಿಡಬೇಕಾದದ್ದು: ಇದ್ದೊಂದು ಬೆರಳನ್ನು ಎತ್ತಿದಾಗ ಪರದೆಯ ಮೇಲಿರುವ ಬೆರಳುಗಳ ಟಚಸ್ ಪಟ್ಟಿ ಖಾಲಿ, ಕೊನೆಯ ಜಾಗ ಸಿಗುವುದು ಚೇಂಜ್ಡ್‌ಟಚಸ್‌ನಲ್ಲಿ. ಚೌಕಕ್ಕೆ ಸಿಎಸ್‌ಎಸ್‌ನಲ್ಲಿ ಟಚ್-ಆ್ಯಕ್ಷನ್: ನನ್ (none) ಎಂದು ಹಾಕದಿದ್ದರೆ ಬ್ರೌಸರ್ ಬೆರಳಿನ ಓಟವನ್ನು ಸ್ಕ್ರಾಲ್ ಎಂದು ತಿಳಿದು ಪಾಯಿಂಟರ್‌ಕ್ಯಾನ್ಸಲ್ ಎಂಬ ರದ್ದತಿ ಸೂಚನೆ ಕಳಿಸುತ್ತದೆ, ಸಹಿ ಅರ್ಧಕ್ಕೇ ತುಂಡಾಗುತ್ತದೆ. ಮೊಬೈಲ್ ಅಡ್ಡ ತಿರುಗಿಸಿದಾಗ ಕ್ಯಾನ್ವಾಸಿನ ಅಗಲವನ್ನು ಮತ್ತೆ ನಿಗದಿ ಮಾಡಿದರಂತೂ ಹಾಕಿದ ಸಹಿಯೇ ಅಳಿಸಿಹೋಗುತ್ತದೆ.

ಇಂಥ ಪುಟಗಳನ್ನು ಮಾಡಿಸಿಕೊಳ್ಳುವ ಇಲಾಖೆ, ಬ್ಯಾಂಕುಗಳು ಬಿಲ್ ಪಾಸು ಮಾಡುವ ಮೊದಲು ಸಾಧಾರಣ ಮೊಬೈಲೊಂದರಲ್ಲಿ ಪುಟವನ್ನು ಅರ್ಧ ಸರಿಸಿ, ಚೌಕದ ನಾಲ್ಕೂ ಮೂಲೆ ಮುಟ್ಟುವಂತೆ ಒಂದು ಸಹಿ ಹಾಕಿ ನೋಡಲಿ. ಎರಡು ನಿಮಿಷದ ಕೆಲಸ.

– ಇಬ್ಬರು ವೆಬ್ ಡೆವಲಪರ್‌ಗಳು, ಮೈಸೂರು