ರಾತ್ರಿ ಸಿಂಕ್ ಖಾಲಿ ಇರಲಿ, ಪುಟ್ಟಾ

ಸಾಗರ
ಬುಧವಾರ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಹಿಡಿದಿದೆ, ಬಟ್ಟೆ ಒಣಗುತ್ತಿಲ್ಲ. ಫೋನಿನಲ್ಲಿ ಹೇಳಿದರೆ "ಹೂಂ ದೊಡ್ಡಮ್ಮ, ಹೂಂ ದೊಡ್ಡಮ್ಮ" ಅನ್ನುತ್ತೀಯ, ಇಟ್ಟ ಮೇಲೆ ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ನಿಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದೆ. ಮೂರು ದಿನ ಹೇಗೋ ನಡೆಯಿತು. ನಾಲ್ಕನೆಯದು ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಕ್ಲೀನಿಂಗ್ ಮಧ್ಯಾಹ್ನ ಎರಡಾದರೂ ಮುಗಿಯಲಿಲ್ಲ. ನಿನಗೆ ಸೊಂಟ ನೋವು, ನಿನ್ನ ಹೆಂಡತಿಗೆ ಸಿಟ್ಟು, ಊಟ ಹೋಟೆಲಿನಿಂದ ಬಂತು. ಆ ಊಟದ ಡಬ್ಬಿಗಳು ಸಂಜೆ ತನಕ ಟೇಬಲ್ ಮೇಲೇ ಇದ್ದವು! ನನಗೆ ನಗು ಬಂತು, ಆದರೆ ನಗುವ ಹಕ್ಕು ನನಗಿಲ್ಲ.

ಮದುವೆಯಾದ ಹೊಸತರಲ್ಲಿ ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಅಟ್ಟಕ್ಕೆ ಹಾಕುತ್ತಿದ್ದೆ. ಕಾಗದ ಪತ್ರ ಎಲ್ಲ ಒಂದು ಮರದ ಪೆಟ್ಟಿಗೆಗೆ. ಪುರುಸೊತ್ತಾದಾಗ ನೋಡಿದರಾಯಿತು ಅಂತ. ಎರಡು ಮಳೆಗಾಲ ಕಳೆದು ತೆಗೆದರೆ ಒಳಗೆ ಬರೀ ಮಣ್ಣು. ಗೆದ್ದಲು ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಬಿಟ್ಟಿರಲಿಲ್ಲ. ಇನ್ನೊಂದು ಪ್ರತಿ ತೆಗೆಸಲು ಎಷ್ಟು ಅಲೆದೆ ಅಂತ ನಿನ್ನ ದೊಡ್ಡಪ್ಪ ಇವತ್ತಿಗೂ ಊಟಕ್ಕೆ ಕೂತಾಗ ಹೇಳಿ ತೋರಿಸುತ್ತಾರೆ.

ಎಲ್ಲ ಬಿಟ್ಟು ಒಂದೇ ಹಿಡಿದುಕೊಳ್ಳುವುದಾದರೆ ರಾತ್ರಿಯದ್ದನ್ನು ಹಿಡಿದುಕೋ. ನನ್ನ ಅತ್ತೆ ಎಷ್ಟೇ ಹೊತ್ತಾಗಲಿ ಒಲೆ ಸಾರಿಸದೆ ಮಲಗುತ್ತಿರಲಿಲ್ಲ. ಆಗ ಅದು ಅವರ ಹಟ ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದಾಗ ಅಡುಗೆಮನೆ ಹೊಸದಾಗಿ ಕಾಯುತ್ತಿದ್ದರೆ ಕಾಫಿ ರುಚಿಯೇ ಬೇರೆ, ಅದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ಪಾತ್ರೆ ತೊಳೆದೇ ಮಲಗು. ಕೆಲಸದವರು ಬೆಳಿಗ್ಗೆ ಬರುತ್ತಾರೆ ಅಂತಾದರೆ ಮುಸುರೆ ತೆಗೆದು, ನೀರು ಹಾಯಿಸಿಯಾದರೂ ಇಡು. ಒಣಗಿದ ಅಗುಳು ಉಜ್ಜುವುದು ಅವರ ಕೈಗೆ ಹಿಂಸೆ. ಸಿಂಕಿನ ಜಾಲರಿ ಕೊಡವು. ಕಟ್ಟೆ ಒರೆಸು. ಮಸಿಬಟ್ಟೆಯನ್ನು ಹಿಂಡಿ ಹರವು, ಮುದ್ದೆ ಮಾಡಿ ಬಿಟ್ಟರೆ ಬೆಳಿಗ್ಗೆಗೆ ಕಮಟು ವಾಸನೆ. ಜಿರಲೆ ಜಿರಲೆ ಅಂತ ಔಷಧಿ ಹೊಡೆಸಿದ್ದೀಯಲ್ಲ, ಅದಕ್ಕೆ ಬೇಕಿರುವುದು ನಾಲ್ಕು ಅಗುಳು, ಸ್ವಲ್ಪ ನೀರು. ಎರಡನ್ನೂ ನೀವೇ ಬಡಿಸಿ ಮಲಗುತ್ತೀರಿ.

ನಾನು ಗಡಿಯಾರ ನೋಡಿಕೊಂಡೇ ಮಾಡಿದೆ. ಮೂರು ಜನರ ಪಾತ್ರೆ, ಕಟ್ಟೆ ಎಲ್ಲ ಸೇರಿ 20 ನಿಮಿಷ. ನೀನು ಆಗ ಸೋಫಾದಲ್ಲಿ ಫೋನ್ ಹಿಡಿದು ಒರಗಿದ್ದೆ, 40 ನಿಮಿಷ. ಅದನ್ನೂ ನೋಡಿಕೊಂಡೆ. ಈ ಕಾಗದ ನಿನಗೆ ಬರೆದಿದ್ದು ಅದಕ್ಕೇ, ಅವಳಿಗಲ್ಲ. ಇಬ್ಬರೂ ಆಫೀಸಿಗೆ ಹೋಗುವವರು, ಅವಳೊಬ್ಬಳೇ ಏಕೆ ಸೊಂಟ ಬಗ್ಗಿಸಬೇಕು?

ಬೆಳಿಗ್ಗೆ ಜಾಸ್ತಿ ಏನೂ ಬೇಡ. ಎದ್ದವರು ಹೊದಿಕೆ ಮಡಚಿ. ಹಾಲು ಕಾಯುವಷ್ಟರಲ್ಲಿ ಹಾಲ್ ಗುಡಿಸಿ ಮುಗಿಯುತ್ತದೆ, ಉರಿ ಸಣ್ಣದಿರಲಿ ಅಷ್ಟೆ. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಗುಡಿಸುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ ಅಂತ. ಚಿಮಣಿ ದೀಪದ ಬೆಳಕಲ್ಲಿ ಓಲೆಯ ತಿರುಪು ಕಸದ ಜೊತೆ ಹೋದೀತು ಅಂತ ಇರಬೇಕು. ನಿಮ್ಮಲ್ಲಿ ಹಗಲಿನಷ್ಟು ಬೆಳಕಿದೆ, ರಾತ್ರಿ ಎಂಟಕ್ಕೆ ಗುಡಿಸಿದರೂ ನಾನು ಬೈಯುವುದಿಲ್ಲ. ನಿಮ್ಮಮ್ಮನಿಗೆ ಮಾತ್ರ ಹೇಳಬೇಡ.

ಮಲಗುವ ಕೋಣೆಯ ಆ ಕುರ್ಚಿ ತೆಗೆದುಬಿಡು. ಅದರ ಮೇಲೆ ಯಾರಾದರೂ ಕೂತಿದ್ದು ನಾನು ನೋಡಲೇ ಇಲ್ಲ. ಒಮ್ಮೆ ಹಾಕಿದ ಬಟ್ಟೆಗೆ ಬಾಗಿಲ ಹಿಂದೆ ನಾಲ್ಕು ಕೊಕ್ಕೆ ಸಾಕು.

ಕಸದ ವಿಷಯದಲ್ಲಿ ನೀನೇ ನನಗೆ ಪಾಠ ಮಾಡಿದೆ. ಬೆಂಗಳೂರಿನಲ್ಲಿ 2015ರಲ್ಲೇ ಹೈಕೋರ್ಟ್ ಹೇಳಿದೆ, ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡಿನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಅಂತ. ಸರಿ. ಹಾಗಾದರೆ ಹಾಲಿನ ಪ್ಯಾಕೆಟ್ ತೊಳೆಯದೆ ಆ ಚೀಲಕ್ಕೆ ಹಾಕುವುದು ಏಕೆ? ಅಡುಗೆಮನೆಯಲ್ಲಿ ಮೂಗು ಮುಚ್ಚಿಕೊಳ್ಳುವ ಹಾಗಾಗಿದ್ದು ಅದರಿಂದಲೇ. ತೊಳೆದು ಒಣಗಿಸು. ಮೂಲೆಯನ್ನು ಪೂರ್ತಿ ಕತ್ತರಿಸಬೇಡ, ನೇತಾಡುತ್ತಿರಲಿ. ಆ ಚೂರು ಬೇರೆಯಾದರೆ ಅದನ್ನು ಯಾರು ಆರಿಸುತ್ತಾರೆ?

ಇನ್ನೊಂದು, ಇದು ಸುಮ್ನೆ ಹೇಳುವುದಲ್ಲ. ಬಚ್ಚಲಿಗೆ ಆ್ಯಸಿಡ್ ಸುರಿದು ಮೇಲಿನಿಂದ ಬ್ಲೀಚಿಂಗ್ ಪೌಡರ್ ಹಾಕಿದರೆ ಫಳಫಳ ಅನ್ನುತ್ತದೆ ಅಂದೆಯಲ್ಲ, ಇನ್ನು ಮುಂದೆ ಅದನ್ನು ಮಾಡಲೇಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ. ನಿಮ್ಮ ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಹಿಂಡಿದ ನಿಂಬೆ ಹೋಳನ್ನೇ ನಲ್ಲಿಗೆ ಉಜ್ಜು. ಕಡಪ ಕಲ್ಲಿಗೆ ಮಾತ್ರ ಹುಳಿ ತಾಗಿಸಬೇಡ, ಹೊಳಪು ಹೋಗುತ್ತದೆ.

ಭಾನುವಾರಕ್ಕೂ ಒಂದು ಕೆಲಸ ಉಳಿಸಿದ್ದೇನೆ. ಫ್ರಿಜ್ಜಿನ ಹಿಂದಿನ ತಟ್ಟೆ, ಬಾಲ್ಕನಿಯ ಕುಂಡಗಳ ತಟ್ಟೆ, ಎರಡರ ನೀರೂ ಚೆಲ್ಲಿ ಉಜ್ಜು. ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು 8–10 ದಿನ, ವಾರಕ್ಕೊಮ್ಮೆ ಚೆಲ್ಲಿದರೆ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಆಮೇಲೆ ಇಬ್ಬರೂ ಎಲ್ಲಾದರೂ ಸುತ್ತಾಡಿ ಬನ್ನಿ.

ಮುಂದಿನ ವಾರ ಪಕ್ಕದ ಮನೆಯವರು ಬೆಂಗಳೂರಿಗೆ ಬರುತ್ತಾರೆ. ಅವರ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಬಾಲ್ಕನಿಗೆ ಒಂದು ತೆಂಗಿನ ಕಡ್ಡಿ ಪೊರಕೆ ಕಳಿಸುತ್ತೇನೆ. ಹೋದ ವರ್ಷದ ನನ್ನ ಎರಡು ಡಬ್ಬಿ ನಿಮ್ಮ ಸಿಂಕಿನ ಕೆಳಗೆ ಬಿದ್ದಿವೆ, ನೋಡಿ ಬಂದಿದ್ದೇನೆ. ಅವರ ಕೈಯಲ್ಲೇ ವಾಪಸ್ ಕಳಿಸು, ಮುಚ್ಚಳದ ಸಮೇತ.

ಇಂತಿ ನಿನ್ನ
ದೊಡ್ಡಮ್ಮ