ಕಪಾಟಿಗೆ ಕೀಲಿ ಬೀಳಬಾರದು

ಮ್ಯಾಂಚೆಸ್ಟರ್

ತೀರ್ಥರೂಪ ಕಾಕಾ ಅವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಚಿಕ್ಕವ್ವನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಕೇಳಿ ಸಮಾಧಾನವಾಯಿತು.

ಕಥಾ ಸ್ಪರ್ಧೆ ಇಟ್ಟು, ಬಂದ ರೊಕ್ಕದಲ್ಲಿ ಊರ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯತಿ ಗ್ರಂಥಾಲಯಕ್ಕೆ, ಮಕ್ಕಳ ಪುಸ್ತಕ ಕೊಡಿಸುವ ನಿಮ್ಮ ಸಂಘದ ವಿಚಾರ ನನಗೆ ಬಹಳ ಸೇರಿತು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದ ಹಾವೇರಿ ಸೀಮೆ ನಮ್ಮದು. ಮಕ್ಕಳ ಓದಿಗಾಗಿ ಎಂದರೆ ಮಂದಿ ಖಂಡಿತ ಬರೆಯುತ್ತಾರೆ.

ಲೆಕ್ಕ ಹೀಗೆ ಹಿಡಿಯಿರಿ. ದೊಡ್ಡವರಿಗೆ ಪ್ರವೇಶ ಶುಲ್ಕ 100 ರೂಪಾಯಿ, 18ರ ಒಳಗಿನವರಿಗೆ ಬೇಡವೇ ಬೇಡ. ದೊಡ್ಡವರಿಂದ 60 ಕಥೆ ಬಂದರೆ 6,000 ರೂಪಾಯಿ. ಮಕ್ಕಳ ಪುಸ್ತಕಕ್ಕೆ ಸರಾಸರಿ 60 ರೂಪಾಯಿಯಂತೆ 100 ಪುಸ್ತಕ. ಬಹುಮಾನ, ಕರಪತ್ರ, ಶಾಲು-ಹಾರ ಇವಕ್ಕೆ ಈ ರೊಕ್ಕ ಮುಟ್ಟಬೇಡಿ. ಮುಟ್ಟಿದರೆ ಕೊನೆಗೆ ಪುಸ್ತಕಕ್ಕೆ ಉಳಿಯುವುದು ಚಿಲ್ಲರೆಯೇ. ಆ ಖರ್ಚು ನಾನು ಕಳಿಸುತ್ತೇನೆ. ನನ್ನದು ಭಾರತದ ಪಾಸ್‌ಪೋರ್ಟ್, ಸ್ವಂತ ಉಳಿತಾಯ, ಬ್ಯಾಂಕಿನ ಮೂಲಕ ಬರುವುದು. ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಇಲ್ಲಿಯ ಪೌರತ್ವ ಪಡೆದ ಗೆಳೆಯರೂ ಕೊಡುತ್ತೇವೆ ಎನ್ನುತ್ತಿದ್ದಾರೆ. ಅವರಲ್ಲಿ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವುದು) ಇದ್ದರೂ, ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿಯ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಅದನ್ನು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಖಾತೆಗೆ ಹಾಕಿಸಿ ಸಂಘಕ್ಕೆ ದಾಟಿಸುವುದೂ ಬೇಡ.

ಕಥೆ 1,200 ಶಬ್ದ ಮೀರಬಾರದು. ಒಂದು ಕಥೆ ಓದಿ ಅಂಕ ಹಾಕಲು 15 ನಿಮಿಷವೆಂದರೂ 60 ಕಥೆಗೆ ಒಬ್ಬೊಬ್ಬ ತೀರ್ಪುಗಾರರಿಗೆ 15 ತಾಸು ಬೇಕು. ಮಿತಿ ಇಡದಿದ್ದರೆ ಕಡೆಯ ಇಪ್ಪತ್ತು ಕಥೆಗಳನ್ನು ಯಾರೂ ಮನಸ್ಸಿಟ್ಟು ಓದುವುದಿಲ್ಲ. ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲು. ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿರಲಿ, ಜೊತೆಗೆ ಪಿಡಿಎಫ್ ಕೂಡ ಕೇಳಿ. ಹಳೆಯ ನುಡಿ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹೆಸರು, ಊರು, ಫೋನ್ ಬೇರೆ ಹಾಳೆಯಲ್ಲಿ. ಕಥೆಯ ಮೇಲೆ ನೀವು ಹಾಕುವ ನಂಬರ್ ಮಾತ್ರ. ನಮ್ಮ ಕಡೆ ಮಾಸ್ತರರ ಅಕ್ಷರ ನೋಡಿದರೇ ಯಾರದ್ದೆಂದು ಗೊತ್ತಾಗುತ್ತದೆ. ಆದ್ದರಿಂದ ತೀರ್ಪುಗಾರರು ಧಾರವಾಡ, ಗದಗ ಕಡೆಯವರಾಗಿರಲಿ. ಹಾವೇರಿಯ ಆಡುಮಾತಿನಲ್ಲಿ ಬರೆದದ್ದಕ್ಕೆ ಅಂಕ ಕಡಿಯಬಾರದೆಂದು ಅವರಿಗೆ ಮೊದಲೇ ಹೇಳಿಬಿಡಿ. ಕಥೆಯ ಹಕ್ಕು ಬರೆದವರದ್ದೇ. ಸಂಘಕ್ಕೆ ಒಂದು ಸಲ ಅಚ್ಚು ಹಾಕುವ ಅನುಮತಿ ಸಾಕು.

ಇಬ್ಬರು ತೀರ್ಪುಗಾರರ ಅಂಕಗಳನ್ನು ಸುಮ್ಮನೆ ಕೂಡಿಸಬೇಡಿ. ಒಬ್ಬರು ಎಲ್ಲರಿಗೂ 60ರಿಂದ 80ರ ಒಳಗೆ ಹಾಕಿ, ಇನ್ನೊಬ್ಬರು 20ರಿಂದ 90ರವರೆಗೆ ಹಾಕಿದರೆ, ಕೂಡಿಸಿದಾಗ ಎರಡನೆಯವರ ಮಾತೇ ನಡೆಯುತ್ತದೆ. ಇಬ್ಬರಿಂದಲೂ ಮೊದಲ ಹತ್ತು ಕಥೆಗಳ ಸರದಿ ಬರೆಸಿಕೊಳ್ಳಿ. ಎರಡೂ ಪಟ್ಟಿಯಲ್ಲಿ ಇರುವವುಗಳನ್ನೂ, ಒಂದರಲ್ಲಿ ಮಾತ್ರ ತೀರ ಮೇಲೆ ಇರುವವುಗಳನ್ನೂ ಮೂರನೆಯವರಿಗೆ ಕೊಡಿ. ಶ್ರಾವಣದಲ್ಲಿ ಪ್ರಕಟಣೆ ಹೊರಡಿಸಿದರೆ ಗೋವಿನಜೋಳದ ಸುಗ್ಗಿಯ ಗಡಿಬಿಡಿಗೆ ಮೊದಲೇ ಕಥೆ ಕೈಸೇರುತ್ತವೆ. ಫಲಿತಾಂಶಕ್ಕೆ ನವೆಂಬರ್ 14 ಸರಿಯಾದ ದಿನ: ಮಕ್ಕಳ ದಿನವೂ ಹೌದು, ಗ್ರಂಥಾಲಯ ಸಪ್ತಾಹ ಶುರುವಾಗುವುದೂ ಅಂದೇ.

ಇಷ್ಟೆಲ್ಲ ಆದ ಮೇಲೆ ಇರುವುದು ನಿಜವಾದ ಕೆಲಸ. 2020ರ ‘ಓದುವ ಬೆಳಕು’ ಅಭಿಯಾನದಿಂದ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯತಿ ಗ್ರಂಥಾಲಯದ ಸದಸ್ಯತ್ವ ಪುಕ್ಕಟೆ. ಆದರೂ ಎಷ್ಟೋ ಕಡೆ ಹೊಸ ಪುಸ್ತಕಗಳು ಕಪಾಟಿನಲ್ಲಿ ಕೀಲಿ ಹಾಕಿಸಿಕೊಂಡು ಕೂತಿರುತ್ತವೆ. ಗ್ರಂಥಾಲಯದ ಮೇಲ್ವಿಚಾರಕರನ್ನು ಬೈದು ಪ್ರಯೋಜನವಿಲ್ಲ. ಪುಸ್ತಕ ರಿಜಿಸ್ಟರಿಗೆ ಏರಿದ ಕೂಡಲೇ, ಕಳೆದರೆ ತಮ್ಮ ಕೈಯಿಂದ ತುಂಬಬೇಕಾದೀತು ಎಂಬ ಅಂಜಿಕೆ ಅವರಿಗೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಮೋಸ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ವರ್ಷಕ್ಕೆ 1,000 ಪುಸ್ತಕಗಳ ಓಡಾಟಕ್ಕೆ 5 ಕಳೆಯುವುದು ಸಹಜ ಎಂದು ಒಪ್ಪಿದ್ದಾರೆ. ಅದು ಪಂಚಾಯತಿಗೆ ನೇರವಾಗಿ ಅನ್ವಯಿಸದಿದ್ದರೂ ಮುಂದಿಡಲು ಒಳ್ಳೆಯ ಆಧಾರ. ಮಕ್ಕಳ ಕೈಯಲ್ಲಿ ಹರಿಯುವುದು ಇನ್ನೂ ಹೆಚ್ಚು. ಆದ್ದರಿಂದ ನಮ್ಮ 100ರಲ್ಲಿ ವರ್ಷಕ್ಕೆ 10 ಹೋದರೂ ಯಾರಿಂದಲೂ ವಸೂಲಿ ಇಲ್ಲ, ಸಂಘವೇ ತುಂಬಿಕೊಡುತ್ತದೆ ಎಂದು ಪುಸ್ತಕ ಕೊಡುವ ಮೊದಲೇ ಪಂಚಾಯತಿಯಲ್ಲಿ ಠರಾವು ಮಾಡಿಸಿ, ಅದರ ಪ್ರತಿಯನ್ನು ಮೇಲ್ವಿಚಾರಕರ ಕೈಗೇ ಕೊಡಿ.

ಪುಸ್ತಕ ನೆಲದಿಂದ ಮೂರು ಅಡಿಯ ಒಳಗಿರಲಿ, ಬೆನ್ನಲ್ಲ, ಮುಖ ಕಾಣುವಂತೆ. ಹಲಗೆ ಸಾಲದಿದ್ದರೆ ಗೋಡೆಗೆ ದಾರ ಕಟ್ಟಿ ಕ್ಲಿಪ್ಪಿನಿಂದ ತೂಗುಹಾಕಿ. 100ರಲ್ಲಿ 40ರಷ್ಟಾದರೂ ಪುಟಕ್ಕೆ ಒಂದೆರಡು ಸಾಲಿನ ಚಿತ್ರಪುಸ್ತಕ ಬೇಕು. ಒತ್ತಕ್ಷರ ಬಾರದ ಮಗು ದಪ್ಪ ಪುಸ್ತಕ ತೆರೆದು ಮುಚ್ಚಿಟ್ಟು ಹೋದರೆ ಮತ್ತೆ ಬರುವುದಿಲ್ಲ. ಸಂಜೆ ಸಾಲಿ ಬಿಟ್ಟ ಮೇಲೆ ಎರಡು ತಾಸು ಬಾಗಿಲು ತೆರೆದಿರಲೇಬೇಕು, ಹೆಣ್ಣುಮಕ್ಕಳು ಕತ್ತಲಾಗುವುದರೊಳಗೆ ಮನೆ ಸೇರುವಂತೆ.

ನಿಯಮಗಳ ಕರಡು ವಾಟ್ಸಾಪಿಗೆ ಹಾಕಿ, ನೋಡಿ ಕಳಿಸುತ್ತೇನೆ. ಅದಕ್ಕೂ ಮೊದಲು ಆ ಠರಾವಿನ ಬಗ್ಗೆ ಪಂಚಾಯತಿಯ ಪಿಡಿಒ ಅವರ ಹತ್ತಿರ ಮಾತಾಡಿ. ಚಿಕ್ಕವ್ವನಿಗೆ ನಮಸ್ಕಾರ, ಹುಡುಗರಿಗೆ ಆಶೀರ್ವಾದ.

ಇಂತಿ,
ನಿಮ್ಮ ಅಣ್ಣನ ಮಗ